‘ಬೋರ್ಡ್ ಹೋಗಿದೆ’ ಅಂದವರಿಗೆ ಒಂದು ಪ್ರಶ್ನೆ ಕೇಳಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ. 2018ರಲ್ಲಿ ನನ್ನ ತಮ್ಮ ಅಮೆರಿಕದಿಂದ ಬರುವಾಗ ಒಂದು ನಿಂಟೆಂಡೊ ಸ್ವಿಚ್ (ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ) ತಂದುಕೊಟ್ಟಿದ್ದ. ಆಮೇಲಾಮೇಲೆ ಎಡಗಡೆ ಸ್ಟಿಕ್ ಮುಟ್ಟದಿದ್ದರೂ ಆಟದಲ್ಲಿನ ಬೊಂಬೆ ತಾನಾಗೇ ನಡೆಯಲು ಶುರುವಾಯಿತು. ಬೇಜಾರಾಗಿ ಮಗ ಅದನ್ನು ಕಪಾಟಿಗೆ ಸೇರಿಸಿದ. ಮಳೆಗಾಲದಿಂದ ಅಲ್ಲೇ ಇತ್ತು. ಈಗ ಬೇಸಿಗೆ ರಜೆಯಲ್ಲಿ ತೆಗೆದರೆ ಆನ್ ಆಗುತ್ತಿಲ್ಲ. ಪೇಟೆಯ ಮೊಬೈಲ್ ಅಂಗಡಿಯವರು ‘ಬೋರ್ಡ್ ಹೋಗಿದೆ, ಏಳೂವರೆ ಸಾವಿರ ಆಗುತ್ತೆ, ಗ್ಯಾರಂಟಿ ಇಲ್ಲ’ ಅಂದರು. ಬೇಡವಾದರೆ ಸಾವಿರದೈನೂರಕ್ಕೆ ತಮಗೇ ಕೊಟ್ಟುಬಿಡಿ ಅಂತಲೂ ಕೇಳಿದರು. ರಿಪೇರಿ ಮಾಡಿಸಲೋ, ಹೊಸದು ತೆಗೆದುಕೊಳ್ಳಲೋ? ತೆಗೆದುಕೊಂಡರೆ ಏನು ನೋಡಿ ತೆಗೆದುಕೊಳ್ಳಬೇಕು?

ಉತ್ತರ: ಸಾವಿರದೈನೂರಕ್ಕಂತೂ ಕೊಡಬೇಡಿ. ಉಳಿದದ್ದು ಆಮೇಲೆ.

ನಿಮ್ಮ ಸ್ವಿಚ್‌ಗೆ ಎರಡು ಕಾಯಿಲೆ ಇದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಸ್ಟಿಕ್ ತಾನಾಗೇ ಓಡುವುದು ಸವೆತ. ಆನ್ ಆಗದೇ ಇರುವುದು ಕರೆಂಟಿನ ವಿಚಾರ. ಅಂಗಡಿಯವರು ಎರಡನ್ನೂ ಒಂದೇ ಗಂಟು ಕಟ್ಟಿ ‘ಬೋರ್ಡ್’ ಅಂದುಬಿಟ್ಟಿದ್ದಾರೆ. ಈ ಯಂತ್ರಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ನನ್ನ ಅನುಭವದಲ್ಲಿ ‘ಬೋರ್ಡ್ ಹೋಗಿದೆ’ ಅನ್ನುವುದು ಡಾಕ್ಟರು ‘ವೈರಲ್ ಇರಬೇಕು’ ಅಂದ ಹಾಗೆ. ನಿಜವೂ ಇರಬಹುದು, ‘ನನಗೆ ಗೊತ್ತಾಗಲಿಲ್ಲ’ ಅಂತಲೂ ಇರಬಹುದು.

ಮೊದಲು ಆನ್ ಆಗದ ವಿಷಯ. ಲಿಥಿಯಂ ಬ್ಯಾಟರಿಯನ್ನು ಮುಟ್ಟದೆ ಇಟ್ಟರೂ ಅದು ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಪೂರ್ತಿ ಆಫ್ ಮಾಡದೆ ಸ್ಲೀಪ್‌ನಲ್ಲೇ ಕಪಾಟಿಗೆ ಹಾಕಿದ್ದರೆ ಇನ್ನೂ ಬೇಗ. ಬಳಸದಿದ್ದರೂ ಆರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ ಅಂತ ನಿಂಟೆಂಡೊದವರೇ ಹೇಳುತ್ತಾರೆ. ಮಳೆಗಾಲದಿಂದ ಬೇಸಿಗೆ ರಜೆ ಅಂದರೆ ಹತ್ತು ತಿಂಗಳು ಆಯ್ತು, ಅಲ್ವಾ? ಬ್ಯಾಟರಿ 3 ವೋಲ್ಟ್‌ಗಿಂತ ಕೆಳಗೆ ಹೋಗಿದ್ದರೆ ಒಳಗಿನ ಚಾರ್ಜಿಂಗ್ ಚಿಪ್ ಒಮ್ಮೆಗೇ ಪೂರ್ತಿ ಕರೆಂಟ್ ಬಿಡುವುದಿಲ್ಲ. ತೊಟ್ಟು ತೊಟ್ಟೇ ಕೊಡುತ್ತದೆ, ನಾಲ್ಕು ದಿನ ಉಪವಾಸ ಇದ್ದವರಿಗೆ ಗಂಜಿ ಕೊಟ್ಟ ಹಾಗೆ. ಆ ಹೊತ್ತಿನಲ್ಲಿ ಪರದೆ ಕಪ್ಪಾಗೇ ಇರುತ್ತದೆ. ಬ್ಯಾಟರಿ ಚಿತ್ರವೂ ಬರುವುದಿಲ್ಲ. ಕೌಂಟರಿನಲ್ಲಿ ಐದು ನಿಮಿಷ ಚಾರ್ಜರ್ ಚುಚ್ಚಿ ನೋಡಿದವರು ಮೋಸ ಹೋಗುವುದು ಇಲ್ಲೇ.

ಮನೆಯಲ್ಲೇ ನೋಡಿ. ಮೊದಲು ಯಂತ್ರವನ್ನು ಮೇಜಿನ ಮೇಲೆ ಮಲಗಿಸಿ. ಬೆನ್ನು ಉಬ್ಬಿದೆಯಾ, ಪರದೆ ಅಂಚಿನಲ್ಲಿ ಎದ್ದಿದೆಯಾ? ಹಾಗಿದ್ದರೆ ಬ್ಯಾಟರಿ ಊದಿದೆ, ಚಾರ್ಜ್‌ಗೆ ಹಾಕಲೇಬೇಡಿ, ನೇರ ರಿಪೇರಿಯವರ ಹತ್ತಿರ ಹೋಗಿ. ಸಮವಾಗಿದ್ದರೆ ಕೆಳಗಿನ ಚಾರ್ಜಿಂಗ್ ಕಿಂಡಿಗೆ ಟಾರ್ಚ್ ಬಿಟ್ಟು ನೋಡಿ. ನಡುವೆ ತೆಳ್ಳಗೆ ನಾಲಿಗೆಯಂಥದ್ದೊಂದು ಇದೆ. ಅದು ನೇರವಾಗಿರಬೇಕು. ಅದರ ಮೇಲೆ ಪುಟ್ಟ ಪುಟ್ಟ ಪಿನ್ನುಗಳು, ಎರಡೂ ಬದಿ ಸೇರಿ 24. ಅಲ್ಲಿ ಹಸಿರು ಪಾಚಿಯಂಥದ್ದು ಕಂಡರೆ ಅದು ಮಲೆನಾಡಿನ ಥಂಡಿ ತಂದ ಕಿಲುಬು. ಬರೀ ಧೂಳು, ಬಟ್ಟೆ ಎಳೆ ಇದ್ದರೆ ಹಲ್ಲುಕಡ್ಡಿಯಿಂದ ಮೆತ್ತಗೆ ತೆಗೆಯಿರಿ. ಪಿನ್ನು, ಸೂಜಿ ಹಾಕಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದೂ ಬೇಡ. ಕಿಲುಬಿಗೆ ಅಕ್ಕಿ ಏನೂ ಮಾಡುವುದಿಲ್ಲ, ಮೇಲಾಗಿ ಅಕ್ಕಿಯ ಹುಡಿ ಕಿಂಡಿಗೆ ಹೋಗುತ್ತದೆ.

ಆಮೇಲೆ ಯಂತ್ರದ ಜೊತೆ ಬಂದ ಅಡಾಪ್ಟರನ್ನೇ ನೇರವಾಗಿ ಹಾಕಿ. ಡಾಕ್, ಅಂದರೆ ಟಿವಿಗೆ ಜೋಡಿಸಲು ಯಂತ್ರವನ್ನು ಕೂರಿಸುವ ಪೀಠ, ಬೇಡ. ಅಮೆರಿಕದ್ದು ಅಂತ ಭಯ ಬೇಡ. ಅದರ ಮೈಮೇಲೆ 100-240 ವೋಲ್ಟ್ ಅಂತ ಅಚ್ಚು ಹಾಕಿರುತ್ತದೆ, ಓದಿ ಖಾತ್ರಿ ಮಾಡಿಕೊಳ್ಳಿ. ಚಪ್ಪಟೆ ಪಿನ್ನು ನಮ್ಮ ಸಾಕೆಟ್ಟಿನಲ್ಲಿ ಲೊಡಬಡ ಅಂದರೆ ಒಂದು ಕನ್ವರ್ಶನ್ ಪ್ಲಗ್ ಸಾಕು, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಬೇಕಿಲ್ಲ. ಹಗಲಿನಲ್ಲೇ, ಮನೆಯಲ್ಲಿ ಜನ ಇರುವಾಗ, ನಾಲ್ಕೈದು ಗಂಟೆ ಬಿಡಿ. ಬಳಿಕ ಪವರ್ ಬಟನ್ ಒತ್ತಿ ಹಿಡಿದು ಹದಿನೈದರವರೆಗೆ ಎಣಿಸಿ, ಕೈಬಿಟ್ಟು, ಇನ್ನೊಮ್ಮೆ ಮೆಲ್ಲಗೆ ಒತ್ತಿ. ‘ಸತ್ತ’ ಸ್ವಿಚ್‌ಗಳಲ್ಲಿ ಒಂದಷ್ಟು ಇಷ್ಟಕ್ಕೇ ಕಣ್ಣು ಬಿಟ್ಟಿದ್ದನ್ನು ನೋಡಿದ್ದೇನೆ.

ಕಣ್ಣು ಬಿಡಲಿಲ್ಲ ಅಂದರೆ ಅಂಗಡಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ‘ಚಾರ್ಜರ್ ಹಾಕಿದಾಗ ಎಷ್ಟು ವೋಲ್ಟ್ ತಗೊಳ್ತಿದೆ?’

ಕೆಲಸ ಗೊತ್ತಿರುವವರ ಹತ್ತಿರ ಬೆರಳುದ್ದದ ಯುಎಸ್‌ಬಿ ಮೀಟರ್ ಇದ್ದೇ ಇರುತ್ತದೆ. ಚಾರ್ಜರಿಗೂ ಯಂತ್ರಕ್ಕೂ ನಡುವೆ ಅದನ್ನು ಸಿಕ್ಕಿಸಿದರೆ ಪುಟ್ಟ ಪರದೆಯಲ್ಲಿ ಅಂಕಿ ಬರುತ್ತದೆ. ಸ್ವಿಚ್‌ನ ಅಡಾಪ್ಟರ್ ಎರಡು ಬಗೆಯಲ್ಲಿ ಕೊಡುತ್ತದೆ: 5 ವೋಲ್ಟ್, ಇಲ್ಲವೇ 15 ವೋಲ್ಟ್. ಶುರುವಿನಲ್ಲಿ 5. ಯಂತ್ರ ‘ನನಗೆ 15 ಬೇಕು’ ಅಂತ ಕೇಳಿದ ಮೇಲೆ 15. ಈ ಮಾತುಕತೆ ನಡೆಸಲೆಂದೇ ಒಳಗೆ ಒಂದು ಚಿಪ್ ಇದೆ, ಎಂ92ಟಿ36 ಅಂತ. ಮೊದಲ ಸ್ವಿಚ್ ಬಿಚ್ಚುವವರಿಗೆಲ್ಲ ಬಾಯಿಪಾಠವಾಗಿರುವ ಹೆಸರು, ಅಷ್ಟು ಸಲ ಅದು ಹೋಗುತ್ತದೆ. ಎಷ್ಟು ಹೊತ್ತು ಕಾದರೂ ಅಂಕಿ 5ರಿಂದ ಮೇಲೇಳದಿದ್ದರೆ ಅನುಮಾನ ಈ ಚಿಪ್ಪಿನ ಮೇಲೆ, ಇಲ್ಲವೇ ಚಾರ್ಜಿಂಗ್ ಕಿಂಡಿಯ ಮೇಲೆ. 15ಕ್ಕೆ ಹತ್ತಿಯೂ ಆನ್ ಆಗದಿದ್ದರೆ ಹುಡುಕಾಟ ಬೇರೆ ಕಡೆ: ಬ್ಯಾಟರಿ, ಪರದೆಯ ಕೇಬಲ್ ಹೀಗೆ. ಮೀಟರಿನಲ್ಲಿ ಏನೂ ಬರದಿದ್ದರೆ ಮೊದಲು ಚಾರ್ಜರನ್ನೇ ಬದಲಿಸಿ ನೋಡಬೇಕು.

ಈ ಚಿಪ್ ಯಾಕೆ ಹೋಗುತ್ತದೆ? ಹೆಚ್ಚಿನ ಸಲ ಎಲ್ಲೋ ಕೊಂಡ ಅಗ್ಗದ ಡಾಕ್, ಲೆಕ್ಕಾಚಾರ ಸರಿಯಿಲ್ಲದ ಚಾರ್ಜರ್. 2018ರ ಮಾರ್ಚ್‌ನಲ್ಲಿ ಸ್ವಿಚ್‌ಗೆ 5.0 ಅಪ್‌ಡೇಟ್ ಬಂದಾಗ ಬೇರೆ ಕಂಪನಿಗಳ ಡಾಕ್ ಬಳಸುತ್ತಿದ್ದ ಎಷ್ಟೋ ಜನರ ಯಂತ್ರ ಹೀಗೇ ಮಲಗಿದ್ದವು. ನಿಮ್ಮದೂ ಆ ಕಾಲದ್ದೇ. ಡಾಕ್ ಯಾವುದು ಅಂತ ಒಮ್ಮೆ ನೋಡಿಕೊಳ್ಳಿ.

ಒಳ್ಳೆ ಸುದ್ದಿ ಏನೆಂದರೆ ಇದಕ್ಕೆ ಗೇಮ್ ಕನ್ಸೋಲಿನವರೇ ಬೇಕು ಅಂತೇನಿಲ್ಲ. ಮೈಕ್ರೋಸ್ಕೋಪ್ ಇಟ್ಟುಕೊಂಡು, ಹಾಟ್ ಏರ್ ಹಿಡಿದು ಮೊಬೈಲ್ ಬೋರ್ಡಿನ ಚಿಪ್ ಬದಲಿಸುವವರು ಇದನ್ನೂ ಮಾಡುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಅಂಥವರು ಸಿಗುತ್ತಾರೆ. ಗ್ಲಾಸ್, ಡಿಸ್‌ಪ್ಲೇ ಹಾಕುವುದಷ್ಟೇ ಗೊತ್ತಿರುವ ಅಂಗಡಿಗೂ ‘ಚಿಪ್ ಲೆವೆಲ್’ ಅಂಗಡಿಗೂ ವ್ಯತ್ಯಾಸ ಇದೆ, ಅದನ್ನು ಮೊದಲೇ ಕೇಳಿ. ನಿಂಟೆಂಡೊಗೆ ನಮ್ಮಲ್ಲಿ ಅಧಿಕೃತ ಸರ್ವಿಸ್ ಸೆಂಟರ್ ಇಲ್ಲ. ಹಾಗಾಗಿ ಒಳ್ಳೆ ಮೆಕ್ಯಾನಿಕ್ ಸಿಕ್ಕರೆ ಅವರೇ ಸರ್ವಿಸ್ ಸೆಂಟರ್.

ಈಗ ಏಳೂವರೆ ಸಾವಿರದ ಮಾತು. ಅದು ಚಿಪ್ ಬದಲಿಸುವುದಕ್ಕೋ, ಇಡೀ ಬೋರ್ಡ್ ಬದಲಿಸುವುದಕ್ಕೋ? ಇದನ್ನು ಬಿಡಿಸಿ ಕೇಳಲೇಬೇಕು, ಯಾಕೆಂದರೆ ಇಲ್ಲಿ ದುಡ್ಡಿಗಿಂತ ದೊಡ್ಡದೊಂದು ಇದೆ. ನಿಮ್ಮ ಮಗ ಅಷ್ಟು ವರ್ಷ ಆಡಿದ ಆಟದ ಸೇವ್‌ಗಳೆಲ್ಲ, ಅಂದರೆ ಎಲ್ಲಿವರೆಗೆ ಆಡಿದ್ದಾನೆ ಅನ್ನುವ ದಾಖಲೆ, ಯಂತ್ರದ ಹೊಟ್ಟೆಯಲ್ಲಿವೆ. ಮೆಮೊರಿ ಕಾರ್ಡಿನಲ್ಲಿ ಇಲ್ಲ! ಕಾರ್ಡಿನಲ್ಲಿ ಇರುವುದು ಡೌನ್‌ಲೋಡ್ ಮಾಡಿದ ಆಟ, ಫೋಟೋ, ವಿಡಿಯೋ ಮಾತ್ರ. ಒಳಗಿನ ಮೆಮೊರಿಗೆ ಹಾಕಿರುವ ಬೀಗದ ಕೈ ಆ ಯಂತ್ರಕ್ಕಷ್ಟೇ ಗೊತ್ತು. ಬೇರೆ ಬೋರ್ಡ್ ಹಾಕಿದರೆ ಸೇವ್ ಹೋಯಿತು ಅಂತಲೇ ಲೆಕ್ಕ. ದುಡ್ಡು ಕೊಟ್ಟು ಆನ್‌ಲೈನ್ ಸದಸ್ಯರಾಗಿದ್ದರೆ ಕ್ಲೌಡಿನಲ್ಲಿ ಒಂದು ಪ್ರತಿ ಇರುತ್ತದೆ. ಆದರೆ ಎಲ್ಲ ಆಟಕ್ಕೂ ಅಲ್ಲ. ಪೊಕೆಮಾನ್ ಸ್ವೋರ್ಡ್, ಶೀಲ್ಡ್, ಸ್ಪ್ಲಾಟೂನ್ 2 ಇವಕ್ಕೆಲ್ಲ ಆ ಸೌಕರ್ಯ ಇಲ್ಲ. ಅದಕ್ಕೇ ‘ಬೋರ್ಡ್ ಬದಲಿಸಬೇಡಿ, ಇದೇ ಬೋರ್ಡ್ ಸರಿ ಮಾಡಿ’ ಅಂತ ಬಾಯಿಬಿಟ್ಟು ಹೇಳಿ. ಒಂದು ಸಲ ಆನ್ ಆದರೂ ಸಾಕು, ಗೆಳೆಯರದ್ದೋ ನೆಂಟರದ್ದೋ ಇನ್ನೊಂದು ಸ್ವಿಚ್ ಪಕ್ಕದಲ್ಲಿಟ್ಟು ಸೇವ್‌ಗಳನ್ನು ದಾಟಿಸಿಕೊಳ್ಳಬಹುದು.

ಕೊಡುವ ಮುಂಚೆ ಕಾರ್ಡ್, ಗೇಮ್ ಕ್ಯಾಸೆಟ್ ಎರಡನ್ನೂ ತೆಗೆದಿಟ್ಟುಕೊಳ್ಳಿ. ಈ ಬುದ್ಧಿ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ. ಒಬ್ಬರ ಸ್ಟೀಮ್ ಡೆಕ್ (ಇದೂ ಸ್ವಿಚ್‌ನಂತೆ ಕೈಯಲ್ಲಿ ಹಿಡಿದು ಆಡುವ ಯಂತ್ರ) ಬಿಚ್ಚುವಾಗ ಕೆಳಗಿನ ಕಿಂಡಿಯಲ್ಲಿ ಕಾರ್ಡ್ ಇದ್ದದ್ದನ್ನು ನೋಡಲಿಲ್ಲ. ಹಿಂದಿನ ಮುಚ್ಚಳ ಎತ್ತಿದೆ. ‘ಪಟ್’ ಅಂತ ಒಂದು ಸಣ್ಣ ಸದ್ದು. ಕಾರ್ಡ್ ಎರಡು ತುಂಡು. ಯಂತ್ರ ಚೆನ್ನಾಗಿತ್ತು, ನನ್ನ ಮುಖ ಚೆನ್ನಾಗಿರಲಿಲ್ಲ. ಹೊಸ ಕಾರ್ಡ್ ನನ್ನ ಕೈಯಿಂದಲೇ ಕೊಟ್ಟೆ, ಅದರಲ್ಲಿದ್ದ ಆಟಗಳನ್ನು ಕೊಡಲು ಆಗಲಿಲ್ಲ.

ಇನ್ನು ಸ್ಟಿಕ್. ಇದಕ್ಕೆ ಎಲ್ಲರೂ ‘ಡ್ರಿಫ್ಟ್’ ಅನ್ನುತ್ತಾರೆ. ಆ ಗುಂಡಿಯ ಕೆಳಗೆ ಇಂಗಾಲ ಬಳಿದ ಒಂದು ತೆಳು ಪಟ್ಟಿ ಇದೆ. ಅದರ ಮೇಲೆ ಲೋಹದ ಪುಟ್ಟ ಕಾಲು ಹಿಂದೆ ಮುಂದೆ ಉಜ್ಜುತ್ತಾ ಓಡಾಡುತ್ತದೆ. ಕಾಲು ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಬೊಂಬೆ ಎತ್ತ ಹೋಗಬೇಕು ಅಂತ ಯಂತ್ರ ತೀರ್ಮಾನಿಸುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ ಅನ್ನುತ್ತಿತ್ತಲ್ಲ, ಅದೇ ಕಥೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಹುಡಿ ಅಲ್ಲೇ ಕೂರುತ್ತದೆ. ಕೈ ಬಿಟ್ಟರೂ ಸ್ಟಿಕ್ ‘ಸ್ವಲ್ಪ ಎಡಕ್ಕಿದ್ದೇನೆ’ ಅಂತ ಸುಳ್ಳು ಹೇಳಲು ಶುರು ಮಾಡುತ್ತದೆ. ನಿಮ್ಮ ಮಗನ ತಪ್ಪೇನಿಲ್ಲ. ಲೋಕದ ತುಂಬ ಇದೇ ಗೋಳು. 2020ರಲ್ಲಿ ನಿಂಟೆಂಡೊ ಅಧ್ಯಕ್ಷ ಶುಂತಾರೋ ಫುರುಕಾವಾ ಅವರೇ ಜಾಯ್‌ಕಾನ್ (ಯಂತ್ರದ ಎಡಕ್ಕೂ ಬಲಕ್ಕೂ ಸಿಕ್ಕಿಸುವ, ಸ್ಟಿಕ್ ಇರುವ ಕಂಟ್ರೋಲರ್) ತೊಂದರೆಗೆ ಕ್ಷಮೆ ಕೇಳಿದ್ದರು. ಅಮೆರಿಕದಲ್ಲಿ ಕಂಪನಿ ಇದನ್ನು ವಾರಂಟಿ ಮುಗಿದ ಮೇಲೂ ಉಚಿತವಾಗಿ ಸರಿಮಾಡಿಕೊಟ್ಟಿದೆ. ನಿಮ್ಮ ತಮ್ಮ ಇನ್ನೂ ಅಲ್ಲೇ ಇದ್ದು ಬಂದು ಹೋಗುವುದಿದ್ದರೆ ಎಡಗಡೆ ಜಾಯ್‌ಕಾನನ್ನು ಅವರ ಕೈಗೆ ಕೊಟ್ಟು ಕಳಿಸಿ. ಕಂಪನಿಯ ರಿಪೇರಿ ಪುಟದಲ್ಲಿ ಈಗಿನ ನಿಯಮ ಏನಿದೆ ಅಂತ ನೋಡಿ ಮುಂದುವರಿಯಲಿ.

ಅಲ್ಲಿಯವರೆಗೆ ಕಾಯುವುದು ಬೇಡ ಅಂದರೆ ಇಲ್ಲೇ ಆಗುತ್ತದೆ, ಕಷ್ಟದ ಕೆಲಸ ಅಲ್ಲ. ಯಂತ್ರ ಆನ್ ಆದ ಮೇಲೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ, ಕಂಟ್ರೋಲರ್ ಭಾಗದಲ್ಲಿ ಸ್ಟಿಕ್ ಕ್ಯಾಲಿಬ್ರೇಶನ್ ತೆರೆಯಿರಿ. ಸ್ಟಿಕ್ ಮುಟ್ಟದೆ ಪರದೆಯ ಗುರುತನ್ನು ನೋಡಿ. ನಡುವಿನಲ್ಲಿ ಅಲ್ಲಾಡದೆ ನಿಂತರೆ ಸರಿ. ಒಂದು ಕಡೆ ವಾಲಿ ನಡುಗುತ್ತಿದ್ದರೆ ಸವೆದಿದೆ ಅಂತಲೇ. ಕ್ಯಾಲಿಬ್ರೇಶನ್ ಮಾಡಿದರೆ ಕೆಲವು ದಿನ ಸುಮ್ಮನಿರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಇನ್ನೂ ಕೆಲವು ವಾರ. ಸೈಕಲ್ ಚೈನಿಗೆ ಹೊಡೆಯುವ ಸ್ಪ್ರೇ ಮಾತ್ರ ಬೇಡ, ಎಣ್ಣೆ ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ.

ಕೊನೆಗೆ ಸ್ಟಿಕ್ಕನ್ನೇ ಬದಲಿಸುವುದು. ಬಿಡಿಭಾಗಕ್ಕೆ ಕೆಲವು ನೂರು ರೂಪಾಯಿ. ಜಾಯ್‌ಕಾನ್ ಹಿಂದೆ ನಾಲ್ಕು ಸ್ಕ್ರೂ. ಮೂರು ಕಾಲಿನ ತಲೆ, ಟ್ರೈವಿಂಗ್ ಅನ್ನುತ್ತಾರೆ, ಅಳತೆ ವೈ00. ಮನೆಯಲ್ಲಿರುವ ಸ್ಟಾರ್ ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದರೆ ತಲೆ ತಿಂದುಹೋಗುತ್ತದೆ, ಆಮೇಲೆ ಡ್ರಿಲ್ಲೇ ಗತಿ. ಮುಚ್ಚಳ ತೆಗೆದರೆ ಕಡ್ಡಿಪೆಟ್ಟಿಗೆಗಿಂತ ಚಿಕ್ಕ ಬ್ಯಾಟರಿ, ಅದರ ಕೆಳಗೆ ನಡುವಿನ ಚೌಕಟ್ಟು, ಚೌಕಟ್ಟು ಸರಿಸಿದರೆ ಸ್ಟಿಕ್. ಎರಡು ಸ್ಕ್ರೂ, ಒಂದು ರಿಬ್ಬನ್. ಆ ರಿಬ್ಬನ್ ಹಿಡಿದಿರುವ ಕೊಂಡಿ ಅಕ್ಕಿಕಾಳಿನಷ್ಟಿದೆ. ಉಗುರಿನಿಂದ ಮೇಲಕ್ಕೆ ಎಬ್ಬಿಸಬೇಕು, ಎಳೆಯಬಾರದು. ಮುರಿದರೆ ಕೆಲವು ನೂರರ ಕೆಲಸ ಸಾವಿರಕ್ಕೆ ಹೋಗುತ್ತದೆ. ಕೈ ನಡುಗದವರು ಅರ್ಧ ಗಂಟೆಯಲ್ಲಿ ಮಾಡುತ್ತಾರೆ.

ಬದಲಿಸುವುದೇ ಆದರೆ ಸ್ವಲ್ಪ ಜಾಸ್ತಿ ಕೊಟ್ಟು ‘ಹಾಲ್ ಎಫೆಕ್ಟ್’ ಸ್ಟಿಕ್ ಹಾಕಿಸಿ. ಗುಲಿಕಿಟ್ ಅನ್ನುವವರದ್ದು ಹೆಸರುವಾಸಿ. ಇದರಲ್ಲಿ ಉಜ್ಜುವ ಪಟ್ಟಿಯೇ ಇಲ್ಲ. ಅಯಸ್ಕಾಂತ ಹತ್ತಿರ ಬಂತಾ ದೂರ ಹೋಯ್ತಾ ಅಂತ ಸೆನ್ಸರ್ ದೂರದಿಂದಲೇ ಕಂಡುಹಿಡಿಯುತ್ತದೆ. ಉಜ್ಜದೆ ಇದ್ದರೆ ಸವೆಯುವುದೆಲ್ಲಿ ಬಂತು?

ಸಾವಿರದೈನೂರಕ್ಕೆ ಯಾಕೆ ಕೇಳಿದರು ಅಂತ ಹೇಳಬೇಕಲ್ಲ. ಅವರ ಮನಸ್ಸಿನಲ್ಲಿ ಏನಿತ್ತೋ, ಆದರೆ ಕೆಟ್ಟ ಸ್ವಿಚ್‌ನ ಪರದೆ, ಫ್ಯಾನ್, ಬಲಗಡೆ ಜಾಯ್‌ಕಾನ್ ಇಷ್ಟನ್ನೇ ಬಿಡಿಬಿಡಿಯಾಗಿ ಮಾರಿದರೂ ಅದಕ್ಕಿಂತ ಜಾಸ್ತಿ ಹುಟ್ಟುತ್ತದೆ. ಇನ್ನೊಂದು ಗುಟ್ಟು: 2018ರ ಮಧ್ಯದವರೆಗೆ ತಯಾರಾದ ಸ್ವಿಚ್‌ಗಳ ಮುಖ್ಯ ಚಿಪ್ಪಿನಲ್ಲಿ ಅಪ್‌ಡೇಟ್‌ನಿಂದ ಮುಚ್ಚಲಾಗದ ಒಂದು ದೋಷ ಇದೆ. ಯಂತ್ರದ ಬೀಗ ಒಡೆದು ಬೇರೆ ಬೇರೆ ಪ್ರಯೋಗ ಮಾಡುವವರಿಗೆ ಆ ಹಳೆಯವೇ ಬೇಕು. ನಿಮ್ಮದು ಆ ಸಾಲಿನದ್ದಿದ್ದರೆ ಬೆಲೆ ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ.

ಹಾಗಾದರೆ ಹೊಸದು? ನಿಮ್ಮದು ಚಿಪ್ಪಿನ ಕೆಲಸದಲ್ಲಿ ಎದ್ದು ಕೂತರೆ ಹೊಸದು ಬೇಡ ಅಂತಲೇ ನನ್ನ ಅಭಿಪ್ರಾಯ. ಹೇಗೂ ಬಿಚ್ಚುತ್ತಾರೆ, ಬ್ಯಾಟರಿಯನ್ನೂ ಬದಲಿಸಿಬಿಡಿ. ಮೊದಲ ಸ್ವಿಚ್ ಹೊಸದಿದ್ದಾಗಲೇ ಎರಡೂವರೆಯಿಂದ ಆರೂವರೆ ಗಂಟೆ ಬರುತ್ತಿತ್ತು, ಈಗ ಅಷ್ಟು ನಿರೀಕ್ಷೆ ಬೇಡ.

ಏಳಲೇ ಇಲ್ಲ ಅಂದರೆ ಮಾತ್ರ ಅಂಗಡಿ ಸುತ್ತಬೇಕು. ಜನ ಪರದೆ ಎಷ್ಟು ಇಂಚು, ಎಷ್ಟು ಜಿಬಿ ಅಂತ ಕೇಳುತ್ತಾರೆ. ನಾನು ತಿರುಗಿಸಿ ಹಿಂಭಾಗ ನೋಡುತ್ತೇನೆ. ಸ್ವಿಚ್ ಲೈಟ್ ಅಗ್ಗ, 5.5 ಇಂಚು, ಚಿಕ್ಕ ಕೈಗೆ ಚೆನ್ನಾಗಿ ಕೂರುತ್ತದೆ. ಆದರೆ ಸ್ಟಿಕ್‌ಗಳು ಮೈಯಲ್ಲೇ ಇವೆ. ಡ್ರಿಫ್ಟ್ ಬಂದರೆ ಜಾಯ್‌ಕಾನ್ ಕಳಚಿ ಕೊಡುವ ಹಾಗಿಲ್ಲ, ಇಡೀ ಯಂತ್ರ ಬಿಚ್ಚಬೇಕು. ಟಿವಿಗೂ ಹಾಕಲಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಾಮೂಲಿ ಸ್ವಿಚ್ ಸಿಕ್ಕರೆ ಹಿಂದಿನ ಮಾಡೆಲ್ ನಂಬರ್ ನೋಡಿ. ಎಚ್‌ಎಸಿ-001 ಅಂತಷ್ಟೇ ಇದ್ದರೆ ನಿಮ್ಮದರಂತೆ ಹಳೇದು. ಅದರ ಮುಂದೆ ಕಂಸದಲ್ಲಿ -01 ಇದ್ದರೆ 2019ರಲ್ಲಿ ಬಂದದ್ದು, ಬ್ಯಾಟರಿ ನಾಲ್ಕೂವರೆಯಿಂದ ಒಂಬತ್ತು ಗಂಟೆ. ಬೆಲೆಯಲ್ಲಿ ಹೆಚ್ಚು ಅಂತರ ಇರದಿದ್ದರೆ ಕಣ್ಣುಮುಚ್ಚಿ ಎರಡನೆಯದನ್ನು ತೆಗೆದುಕೊಳ್ಳಿ. 2021ರ ಓಎಲ್‌ಇಡಿ ಸ್ವಿಚ್ 7 ಇಂಚಿನದು, ಬಣ್ಣ ನೋಡಲು ಖುಷಿ. ಪರದೆ ಒಡೆದರೆ ಜೇಬಿಗೂ ಅಷ್ಟೇ ಪೆಟ್ಟು.

ಸ್ವಿಚ್ 2 ಬಂದದ್ದು 2025ರ ಜೂನ್ 5ಕ್ಕೆ. 7.9 ಇಂಚು, 256 ಜಿಬಿ, ಹಳೇ ಕ್ಯಾಸೆಟ್‌ಗಳಲ್ಲಿ ಹೆಚ್ಚಿನವು ಓಡುತ್ತವೆ. ನನಗೆ ಅದರ ಮೇಲೆ ಎರಡು ಸಿಟ್ಟು. ಒಂದು, ಸ್ಟಿಕ್ ಇನ್ನೂ ಉಜ್ಜುವ ಜಾತಿಯದ್ದೇ. ಎರಡು, ಬ್ಯಾಟರಿಯನ್ನು ಗಟ್ಟಿಯಾಗಿ ಅಂಟಿಸಿದ್ದಾರೆ. ಯಂತ್ರ ಬಿಚ್ಚಿ ಅಂಕ ಕೊಡುವ ಐಫಿಕ್ಸಿಟ್‌ನವರು ರಿಪೇರಿಗೆ ಹತ್ತಕ್ಕೆ ಮೂರು ಅಂಕ ಕೊಟ್ಟರು. ಹಳೇ ಮೈಕ್ರೋ ಎಸ್‌ಡಿ ಕಾರ್ಡಿನಿಂದ ಅದರಲ್ಲಿ ಆಟ ಆಡಲಾಗುವುದಿಲ್ಲ, ‘ಎಕ್ಸ್‌ಪ್ರೆಸ್’ ಅಂತ ಇರುವ ದುಬಾರಿ ಕಾರ್ಡೇ ಬೇಕು. ಇನ್ನೊಂದು ಎಚ್ಚರ: ಜಪಾನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಸ್ವಿಚ್ 2 ಇದೆ. ಅದರಲ್ಲಿ ಜಪಾನಿ ಭಾಷೆ ಬಿಟ್ಟು ಬೇರೆ ಇಲ್ಲ, ಜಪಾನಿನ ಖಾತೆಯೇ ಬೇಕು. ಇಲ್ಲಿಗೆ ಬರುವುದೆಲ್ಲ ಹೊರಗಿನಿಂದ ತರಿಸಿದ ಮಾಲು. ‘ಆಫರ್ ರೇಟ್’ ಅಂದರೆ ಡಬ್ಬಿಯ ಮೇಲೆ ಏನು ಬರೆದಿದೆ ಅಂತ ಓದಿಸಿ.

ಸ್ಟೀಮ್ ಡೆಕ್ ರಿಪೇರಿಯ ದೃಷ್ಟಿಯಿಂದ ನನಗೆ ಇಷ್ಟ. ಬಿಡಿಭಾಗಗಳನ್ನು ಕಂಪನಿಯೇ ಐಫಿಕ್ಸಿಟ್ ಮೂಲಕ ಮಾರುತ್ತದೆ. ಆದರೆ ಭಾರತದಲ್ಲಿ ಅದರ ಅಧಿಕೃತ ಮಾರಾಟ ಇಲ್ಲ, ತೂಕವೂ ಆರುನೂರೈವತ್ತು ಗ್ರಾಂ ಆಸುಪಾಸು. ಬಿಲ್ಲು, ವಾರಂಟಿ, ಸರ್ವಿಸ್ ಮೂರೂ ಇಲ್ಲೇ ಬೇಕು ಅಂದರೆ 2023ರಿಂದ ಇಲ್ಲಿ ಸಿಗುವ ಆಸುಸ್ ಆರ್‌ಒಜಿ ಅಲೈಯಂಥದ್ದು ಇದೆ. ಅದು ವಿಂಡೋಸ್ ಕಂಪ್ಯೂಟರೇ, ಕೈಯಲ್ಲಿ ಹಿಡಿಯುವ ಆಕಾರದ್ದು. ಮೊದಲ ಅಲೈನಲ್ಲಿ ಬಿಸಿಗೆ ಕಾರ್ಡ್ ರೀಡರ್ ಕೈಕೊಡುತ್ತಿತ್ತು, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರೆ ಒಂದು ಕಾರ್ಡ್ ಹಾಕಿ ಅರ್ಧ ಗಂಟೆ ಆಡಿ ನೋಡಿ. ಶಾಲೆ ಹುಡುಗನಿಗೆ ಅಷ್ಟು ದುಡ್ಡಿನದ್ದು ಬೇಕಾ ಅನ್ನುವುದು ನಿಮಗೆ ಬಿಟ್ಟಿದ್ದು.

ಇಲ್ಲೊಂದು ಹೊಟ್ಟೆಯುರಿ ಹೇಳಿಕೊಳ್ಳುತ್ತೇನೆ. 2004ರ ಪಿಎಸ್‌ಪಿಯಲ್ಲಿ ಬ್ಯಾಟರಿ ಊದಿದರೆ ಹಿಂದಿನ ಮುಚ್ಚಳ ಉಗುರಿನಿಂದ ತೆಗೆದು ಹೊಸದು ಹಾಕಿಬಿಡುತ್ತಿದ್ದೆವು. ಜಾತ್ರೆಯಲ್ಲಿ ಕೊಂಡ ಬ್ರಿಕ್ ಗೇಮ್‌ಗೆ ಪೆನ್ಸಿಲ್ ಸೆಲ್ ಹಾಕಿದರೆ ಮುಗಿಯಿತು. ಇಪ್ಪತ್ತು ವರ್ಷ ಮುಂದೆ ಬಂದು ಈಗ ಅಂಟು ಬಿಡಿಸಲು ಕೂತಿದ್ದೇವೆ. 2027ರ ಫೆಬ್ರುವರಿಯಿಂದ ಯುರೋಪಿನಲ್ಲಿ ಇಂಥ ಯಂತ್ರಗಳ ಬ್ಯಾಟರಿಯನ್ನು ಬಳಸುವವರೇ ಬದಲಿಸುವಂತಿರಬೇಕು ಅಂತ ಕಾನೂನು ಮಾಡಿದ್ದಾರೆ. ಅದರ ಗಾಳಿ ಇಲ್ಲಿಗೂ ಬೀಸಿದರೆ ಒಳ್ಳೆಯದು.

ರಿಪೇರಿಯಿಂದ ವಾಪಸ್ ತರುವಾಗ ಕೌಂಟರಿನಲ್ಲೇ ಹತ್ತು ನಿಮಿಷ ನಿಲ್ಲಿ. ಹಿಂದಿನ ಸ್ಟ್ಯಾಂಡ್ ಎತ್ತಿ ನೋಡಿ, ಅದರ ಅಡಿ ಒಂದು ಸ್ಕ್ರೂ ಇರಬೇಕು. ಅವಸರದವರು ಮರೆಯುವುದು ಅದನ್ನೇ. ಒಂದು ಆಟ ಹಾಕಿ ಮೇಲಿನ ಜಾಲರಿ ಹತ್ತಿರ ಕೈ ಹಿಡಿಯಿರಿ, ಬಿಸಿಗಾಳಿ ಬರಬೇಕು. ಬೆನ್ನು ಸುಡುವಷ್ಟು ಕಾದರೆ ಚಿಪ್ಪಿನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿಲ್ಲ ಅಂತ ಅನುಮಾನ, ಅಲ್ಲೇ ಹೇಳಿ. ಎರಡೂ ಜಾಯ್‌ಕಾನ್ ಸಿಕ್ಕಿಸಿ ಕಳಚಿ ನೋಡಿ. ಬದಲಿಸಿ ತೆಗೆದ ಹಳೇ ಬಿಡಿಭಾಗವನ್ನು ಕೇಳಿ ತೆಗೆದುಕೊಳ್ಳಿ.

ಸದ್ಯಕ್ಕೆ ನಾಲ್ಕೈದು ಗಂಟೆ ಚಾರ್ಜ್‌ಗೆ ಹಾಕಿ. ಏಳದಿದ್ದರೆ ಮೀಟರಿನಲ್ಲಿ 5 ಬಂತೋ 15 ಬಂತೋ ಅಂತ ಬರೆದು ತಿಳಿಸಿ, ಮುಂದಿನದನ್ನು ಅಲ್ಲಿಂದ ನೋಡೋಣ.